ಎಷ್ಟು ಹೊತ್ತು ಏನೂ ಕಾಣದೆ ನಡೆಯಬಲ್ಲಿರಿ? ಕಾಡಿನ ಸಮೀಕ್ಷೆಗೆ ಹೆಸರು ಕೊಡುವ ಮೊದಲು

ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. "ಮಾಮ, ಹುಲಿ ಗಣತಿಗೆ ಹೆಸರು ಕೊಡ್ಲಾ, ಆನೆ ಗಣತಿಗೆ ಕೊಡ್ಲಾ, ಇಲ್ಲ ಚೆನ್ನೈಗೆ ಹೋಗಿ ಕಡಲಾಮೆ ಕೆಲಸ ಮಾಡ್ಲಾ? ಆಗುಂಬೆ ಕಡೆ ಹೋಗಿ ಇದ್ದು ಕೆಲಸ ಮಾಡಬಹುದಂತೆ, ಅದಕ್ಕೆ ನಾವೇ ದುಡ್ಡು ಕೊಡಬೇಕಂತೆ. ಯಾವುದು ಚೆನ್ನಾಗಿರತ್ತೆ?" ದರ್ಶಿನಿಯ ಬೋರ್ಡ್ ಓದಿದ ಹಾಗೆ ಒಂದೇ ಉಸಿರಿಗೆ ಓದಿದಳು.

ನಾನು ತಿರುಗಿ ಒಂದೇ ಪ್ರಶ್ನೆ ಕೇಳಿದೆ. "ಬೆಳಿಗ್ಗೆ ಐದಕ್ಕೆ ಎದ್ದು, ಎರಡು ಗಂಟೆ ನಡೆದು, ಒಂದು ಮೊಲವೂ ಕಾಣದೆ ವಾಪಸ್ ಬಂದು, ಹಾಳೆಯಲ್ಲಿ 'ಏನೂ ಇಲ್ಲ' ಅಂತ ಬರೆದು ಸಹಿ ಹಾಕ್ತೀಯಾ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ದಿನಾನಾ?" ಅಂದಳು.

ಹೌದು, ಹೆಚ್ಚುಕಡಿಮೆ ದಿನಾ. ಇದನ್ನು ಮೊದಲೇ ಹೇಳಿಬಿಡಬೇಕು. ತುಂಬಾ ಜನ ಪ್ರಾಣಿ ನೋಡಿ ಕೆಲಸ ಆರಿಸುತ್ತಾರೆ. ಹುಲಿ ಇಷ್ಟ ಅಂತ ಹುಲಿ ಗಣತಿಗೆ ಹೋಗಿ, ಎಂಟು ದಿನ ಹುಲಿಯ ಹಿಕ್ಕೆ ನೋಡಿ, ಮುಖ ಸಪ್ಪೆ ಮಾಡಿಕೊಂಡು ಬರುತ್ತಾರೆ. ಹುಲಿ ನೋಡಬೇಕು ಅಂದರೆ ಸಫಾರಿ ಟಿಕೆಟ್ ತೆಗೆದುಕೊಳ್ಳಿ, ಅದರಲ್ಲಿ ತಪ್ಪೇನೂ ಇಲ್ಲ. ಸಮೀಕ್ಷೆಯಲ್ಲಿ ಖಾಲಿ ಹಾಳೆಗೂ ಬೆಲೆ ಇದೆ. ಜಿಂಕೆ ಕಂಡ ಹಾಳೆಗಳನ್ನು ಮಾತ್ರ ಒಟ್ಟು ಮಾಡಿದರೆ ಕಾಡಿನ ತುಂಬಾ ಜಿಂಕೆಯೇ ಅಂತ ಲೆಕ್ಕ ಬರುತ್ತದೆ. ನಿಮ್ಮ ಖಾಲಿ ಹಾಳೆ ಆ ಲೆಕ್ಕವನ್ನು ನೆಲಕ್ಕೆ ತರುತ್ತದೆ. ಅದಕ್ಕೇ ಕೆಳಗಿನ ಒಂದೊಂದು ದಾರಿಯನ್ನೂ ನಾನು ಅಳೆಯುವುದು ಹೀಗೆ: ಅಲ್ಲಿ ನಿಮ್ಮ ಕೈಗೆ ಏನು ಕೆಲಸ, ಎಷ್ಟು ದಿನ, ಎಷ್ಟು ಖಾಲಿ ಹೊತ್ತು.

ಹುಲಿ ಗಣತಿ

ದೇಶದ ಹುಲಿ ಗಣತಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 2006ರಲ್ಲಿ ಈಗಿನ ಕ್ರಮ ಶುರುವಾಯಿತು. ಆಮೇಲೆ 2010, 2014, 2018, 2022. ಅಂದರೆ ಒಮ್ಮೆ ತಪ್ಪಿಸಿಕೊಂಡರೆ ಮುಂದಿನದಕ್ಕೆ ನಾಲ್ಕು ವರ್ಷ ಕಾಯಬೇಕು. 2022ರ ಸುತ್ತಿನಲ್ಲಿ ದೇಶದಲ್ಲಿ ಸುಮಾರು 3,682 ಹುಲಿ ಅಂತ ಅಂದಾಜು ಬಂತು, ಕರ್ನಾಟಕದಲ್ಲಿ 563. ನಮಗಿಂತ ಮುಂದೆ ಇದ್ದದ್ದು ಮಧ್ಯಪ್ರದೇಶ ಮಾತ್ರ.

ಹಿಂದೆ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ಗುರುತಿನ ಮೇಲೆ. ಗಾಜು ಇಟ್ಟು ಅದರ ಮೇಲೆ ಹೆಜ್ಜೆಯ ಗೆರೆ ಎಳೆಯುವುದು, ಪ್ಲಾಸ್ಟರ್ ಹುಯ್ದು ಅಚ್ಚು ತೆಗೆಯುವುದು. ರಾಜಸ್ಥಾನದ ಸರಿಸ್ಕದಲ್ಲಿ ಹುಲಿಗಳೇ ಉಳಿದಿಲ್ಲ ಅಂತ 2005ರ ಹೊತ್ತಿಗೆ ಗೊತ್ತಾಯಿತು. ಅಲ್ಲಿಯವರೆಗೂ ಕಾಗದದ ಮೇಲೆ ಹುಲಿ ಇದ್ದವು. ಆಮೇಲೆ ಈ ಪದ್ಧತಿ ಬಿಟ್ಟರು. ಈಗ ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಬಂದ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸುತ್ತಾರೆ. ಹುಲಿಯ ಎಡ ಮಗ್ಗುಲಿನ ಪಟ್ಟೆಯೇ ಬೇರೆ, ಬಲ ಮಗ್ಗುಲಿನದೇ ಬೇರೆ. ಅದಕ್ಕೇ ದಾರಿಯ ಎರಡೂ ಕಡೆ ಎದುರುಬದುರು ಕ್ಯಾಮೆರಾ ಕಟ್ಟುವುದು.

ಆದರೆ ಸ್ವಯಂಸೇವಕರ ಕೈಗೆ ಸಾಮಾನ್ಯವಾಗಿ ಕ್ಯಾಮೆರಾ ಬರುವುದಿಲ್ಲ. ನಿಮ್ಮ ಪಾಲಿಗೆ ಬರುವುದು ಮೊದಲ ಹಂತ. ಫಾರೆಸ್ಟ್ ಗಾರ್ಡ್ ಜೊತೆ ಅವರ ಗಸ್ತಿನ ಪ್ರದೇಶವಾದ ಬೀಟ್‌ನಲ್ಲಿ ಮೂರು ದಿನ, ದಿನಕ್ಕೆ ಸುಮಾರು 5 ಕಿ.ಮೀ. ನಡೆದು ಮಾಂಸಾಹಾರಿ ಪ್ರಾಣಿಗಳ ಗುರುತು ಹುಡುಕುವುದು. ಹೆಜ್ಜೆ, ಹಿಕ್ಕೆ, ಮರದ ಮೇಲೆ ಉಗುರು ಎಳೆದ ಗೀರು, ನೆಲ ಕೆರೆದ ಜಾಗ. ಮುಂದಿನ ಮೂರು ದಿನ 2 ಕಿ.ಮೀ.ನ ಒಂದು ನೇರ ಗೆರೆಯ ಮೇಲೆ ಬೆಳಿಗ್ಗೆ ನಡೆದು, ಕಂಡ ಜಿಂಕೆ, ಕಡವೆ, ಕಾಟಿ ಬರೆಯುವುದು. ಆ ಗೆರೆಯ ಮೇಲೆ 400 ಮೀಟರಿಗೊಮ್ಮೆ ನಿಂತು ಯಾವ ಮರ, ಯಾವ ಪೊದೆ, ಲಂಟಾನ ಎಷ್ಟು, ಯಾವ ಪ್ರಾಣಿಯ ಹಿಕ್ಕೆ ಅಂತ ಬರೆಯುವುದು. ಈಗ ಬಹುಪಾಲು ಎಂ-ಸ್ಟ್ರೈಪ್ಸ್ ಅನ್ನುವ ಆ್ಯಪ್‌ನಲ್ಲೇ ದಾಖಲೆ. ಆ ಫೋನ್ ಗಾರ್ಡ್ ಕೈಯಲ್ಲಿರುತ್ತದೆ. ನೀವು ಎರಡನೇ ಜೋಡಿ ಕಣ್ಣು.

ಇದರ ಒಳ್ಳೆಯದು ಅಂದರೆ, ಸಫಾರಿ ಜೀಪು ಎಂದೂ ಹೋಗದ ಜಾಗದಲ್ಲಿ ನಿಮ್ಮ ಕಾಲ ಮೇಲೆ ನಡೆಯುತ್ತೀರಿ. ಕಳ್ಳಬೇಟೆ ತಡೆ ಶಿಬಿರದಲ್ಲಿ ಮಲಗುತ್ತೀರಿ. ಸುತ್ತ ಆನೆ ಕಂದಕ, ಒಳಗೆ ಒಂದು ಸೋಲಾರ್ ದೀಪ, ರಾತ್ರಿ ಮುದ್ದೆ ಸಾರು. ದುಡ್ಡು ಹೆಚ್ಚು ಬೇಡ, ನಿಮ್ಮ ಊರಿಂದ ಅಲ್ಲಿಗೆ ಹೋಗುವ ಬಸ್ ಚಾರ್ಜು. ಕಷ್ಟ ಏನಂದರೆ ಜಾಗ ನೀವು ಆರಿಸುವ ಹಾಗಿಲ್ಲ. ಬಂಡೀಪುರ ಕೇಳಿದವರಿಗೆ ಯಾವುದೋ ಅಂಚಿನ ಕುರುಚಲು ಕಾಡು ಸಿಗಬಹುದು. ಎಲ್ಲ ಸುತ್ತಿನಲ್ಲೂ, ಎಲ್ಲ ವಿಭಾಗದಲ್ಲೂ ಹೊರಗಿನವರನ್ನು ಕರೆಯುತ್ತಾರೆ ಅಂತಲೂ ಇಲ್ಲ. ಕರೆದರೆ ಅರಣ್ಯ ಇಲಾಖೆಯ ಪ್ರಕಟಣೆ ಬರುತ್ತದೆ, ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ನಂಬಿ ಆಧಾರ್ ನಂಬರ್ ತುಂಬಿಸಬೇಡಿ.

ವಾರ ರಜೆ ಹಾಕಬಲ್ಲವರು, ಮೊಬೈಲ್ ಸಿಗ್ನಲ್ ಇಲ್ಲದೆ ಇರಬಲ್ಲವರು, ದಿನಕ್ಕೆ ಎಂಟು ಹತ್ತು ಕಿ.ಮೀ. ನಡೆದರೂ ಮಂಡಿ ಹಿಡಿಯದವರು, ಇಂಥವರಿಗೆ ಇದು ಸರಿ.

ಗೆರೆ ಹಿಡಿದು ನಡೆಯುವ ಕೆಲಸ

ನನ್ನ ಮನಸ್ಸು ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಿಂದ ಹುಲಿಯ ಜೊತೆಗೆ ಹುಲಿಯ ಊಟವನ್ನೂ ಎಣಿಸುತ್ತಾ ಬಂದರು. ಕಾಡಿನಲ್ಲಿ ಎಷ್ಟು ಜಿಂಕೆ, ಕಡವೆ, ಕಾಟಿ ಇದೆ ಅಂತ ಗೊತ್ತಾದರೆ ಅಲ್ಲಿ ಎಷ್ಟು ಹುಲಿ ಬದುಕಬಹುದು ಅನ್ನುವುದಕ್ಕೆ ಒಂದು ಆಧಾರ ಸಿಗುತ್ತದೆ. ಅದಕ್ಕೆ ಬಳಸಿದ್ದು ಲೈನ್ ಟ್ರಾನ್ಸೆಕ್ಟ್. ಕಾಡಿನಲ್ಲಿ ನೇರ ಗೆರೆ ಕಡಿದು, ಅದರ ಮೇಲೆ ಸದ್ದಿಲ್ಲದೆ ನಡೆದು, ಕಂಡ ಒಂದೊಂದು ಗುಂಪಿಗೂ ಎಷ್ಟು ದೂರ, ಯಾವ ದಿಕ್ಕು, ಎಷ್ಟು ಪ್ರಾಣಿ ಅಂತ ಬರೆಯುವುದು. ಮೈಸೂರು, ಕೊಡಗು, ಚಿಕ್ಕಮಗಳೂರು ಕಡೆಯಿಂದ ಅಂಗಡಿಯವರು, ಕಾಫಿ ಬೆಳೆಗಾರರು, ಎಂಜಿನಿಯರುಗಳು, ಕಾಲೇಜು ಹುಡುಗರು ಈ ಗೆರೆಗಳ ಮೇಲೆ ವರ್ಷಗಟ್ಟಲೆ ನಡೆದಿದ್ದಾರೆ. ಹುಲಿ ಗಣತಿಯಲ್ಲೂ ಇದೇ ಪದ್ಧತಿ ಇದೆ ಅಂತ ಮೇಲೆ ಹೇಳಿದೆನಲ್ಲ. ಸಂಶೋಧನಾ ತಂಡಗಳು ಇದನ್ನೇ ಇನ್ನಷ್ಟು ಬಿಗಿಯಾಗಿ, ಹೆಚ್ಚು ಸಲ ನಡೆದು ಮಾಡುತ್ತವೆ.

ಲೆಕ್ಕದ ತಿರುಳು ಸರಳ. ಗೆರೆಯ ಪಕ್ಕದಲ್ಲೇ ಇರುವ ಪ್ರಾಣಿ ನಿಮ್ಮ ಕಣ್ಣು ತಪ್ಪಬಾರದು. ದೂರ ಹೋದ ಹಾಗೆ ತಪ್ಪುವುದು ಹೆಚ್ಚುತ್ತದೆ, ಅದು ಸಹಜ. ಎಷ್ಟು ದೂರಕ್ಕೆ ಎಷ್ಟು ತಪ್ಪುತ್ತದೆ ಅನ್ನುವುದನ್ನು ನೀವು ಅಳೆದ ದೂರಗಳಿಂದಲೇ ಲೆಕ್ಕ ಹಾಕುತ್ತಾರೆ. ಆದ್ದರಿಂದ ಎಣಿಕೆ ಎಷ್ಟು ಮುಖ್ಯವೋ ದೂರವೂ ಅಷ್ಟೇ ಮುಖ್ಯ. ಅದೂ ಪ್ರಾಣಿ ನಿಮ್ಮನ್ನು ನೋಡಿ ಓಡುವುದಕ್ಕೆ ಮೊದಲು ಅದು ಎಲ್ಲಿತ್ತೋ ಅಲ್ಲಿಗೆ ಅಳೆದ ದೂರ.

ಇದನ್ನು ತರಬೇತಿಯಲ್ಲಿ ಮೂರು ಸಲ ಹೇಳಿದ್ದರು. ನಾನು ಮೂರು ಸಲವೂ ತಲೆ ಆಡಿಸಿದ್ದೆ. ಮೊದಲ ದಿನ ಬೆಳಿಗ್ಗೆ ಆರೂಕಾಲಕ್ಕೆ ಗೆರೆ ಹತ್ತಿದೆವು. ನಾನು, ನನ್ನ ಮುಂದೆ ಜೇನುಕುರುಬರ ಒಬ್ಬ ಹಿರಿಯ ವಾಚರ್. ಕೈಯಲ್ಲಿ ದಿಕ್ಸೂಚಿ, ಕೊರಳಲ್ಲಿ ದೂರ ಅಳೆಯುವ ರೇಂಜ್‌ಫೈಂಡರ್. ಒಂದು ಗಂಟೆ ಕಳೆದರೂ ಏನೂ ಇಲ್ಲ. ಮುಸುವ ಒಂದು ದೂರದಲ್ಲಿ ಕೂಗಿತು, ಅಷ್ಟೇ. ಮತ್ತೆ ಅರ್ಧ ಗಂಟೆ. ಆಮೇಲೆ ಎಡಗಡೆ ಬಿದಿರು ಮೆಳೆಯ ಹಿಂದೆ ಒಂದು ದೊಡ್ಡ ಕಪ್ಪು ಬೆನ್ನು, ಕೆಳಗೆ ಬಿಳಿ ಕಾಲುಚೀಲ ಹಾಕಿದಂಥ ಕಾಲು. ಖುಷಿ ತಡೆಯಲಾರದೆ "ಕಾಟಿ!" ಅಂದುಬಿಟ್ಟೆ. ಪಿಸುಮಾತೇ. ಆದರೂ ಬುಸ್ ಅಂತ ಒಂದು ಸದ್ದು, ಮೆಳೆ ಎಲ್ಲ ಅಲ್ಲಾಡಿ, ಏಳೋ ಎಂಟೋ ಕಾಟಿ ಇಳಿಜಾರಿನಲ್ಲಿ ಮಾಯ. ಎಷ್ಟಿದ್ದವು ಗೊತ್ತಿಲ್ಲ, ಎಷ್ಟು ದೂರ ಇದ್ದವು ಗೊತ್ತಿಲ್ಲ. ವಾಚರ್ ತಿರುಗಿ ನೋಡಿ ಹೇಳಿದ್ದು ಇಷ್ಟೇ: "ಬಾಯಲ್ಲಿ ಎಣಿಸಬೇಡಿ ಸ್ವಾಮಿ, ಕಣ್ಣಲ್ಲಿ ಎಣಿಸಿ."

ಅಳೆಯಬಹುದಾಗಿದ್ದ ಒಂದು ದೂರ ನನ್ನ ಬಾಯಿಂದ ಹೋಯಿತು. ಅದನ್ನೂ ಹಾಳೆಯಲ್ಲಿ ಬರೆಯಬೇಕಾಯಿತು, ನಾಚಿಕೆಯಾದರೂ.

ಈ ಕೆಲಸಕ್ಕೆ ಬೇಕಾದದ್ದು ಬಾಯಿ ಮುಚ್ಚಿಕೊಂಡಿರುವ ಶಕ್ತಿ. ಸೆಂಟ್ ಬೇಡ, ಕರಕರ ಅನ್ನುವ ಪ್ಲಾಸ್ಟಿಕ್ ಜಾಕೆಟ್ ಬೇಡ, ಬಿಳಿ ಅಂಗಿ ಬೇಡ. ಫೋಟೋ ತೆಗೆಯುವ ಆಸೆ ಇದ್ದರೆ ಇದು ನಿಮಗಲ್ಲ. ಕ್ಯಾಮೆರಾ ಎತ್ತಿ ಫೋಕಸ್ ಮಾಡುವಷ್ಟರಲ್ಲಿ ಅಳತೆ ತಪ್ಪಿರುತ್ತದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನಡಿಗೆ. ನಡುವೆ ಉದ್ದ ಮಧ್ಯಾಹ್ನ. ಆ ಮಧ್ಯಾಹ್ನ ನಿಭಾಯಿಸುವುದು ನಡಿಗೆಗಿಂತ ಕಷ್ಟ ಅಂತ ಕೆಲವರು ಹೇಳುತ್ತಾರೆ. ನಾನು ಮಲಗುತ್ತಿದ್ದೆ.

ಎರಡು ದಿನಕ್ಕೆ ಬಂದು ಹೋಗುವವರಿಂದ ಇಲ್ಲಿ ಉಪಯೋಗ ಕಡಿಮೆ. ಕಲಿಯುವುದಕ್ಕೇ ಎರಡು ದಿನ ಬೇಕು. ವರ್ಷ ವರ್ಷ ಬರುವವರನ್ನೇ ತಂಡಗಳು ಇಷ್ಟಪಡುತ್ತವೆ, ಅದು ನ್ಯಾಯವೇ.

ಆನೆ ಗಣತಿ: ಮೂರು ದಿನ, ಮೂರು ಬಗೆ

ಕಾಡಿನ ಕೆಲಸ ರುಚಿ ನೋಡಬೇಕು, ಆದರೆ ಮೂರು ದಿನಕ್ಕಿಂತ ಹೆಚ್ಚು ರಜೆ ಇಲ್ಲ ಅನ್ನುವವರಿಗೆ ಆನೆ ಗಣತಿ ಒಳ್ಳೆಯದು. 2023ರ ಮೇ 17ರಿಂದ 19ರವರೆಗೆ ನಮ್ಮಲ್ಲೂ ನೆರೆಯ ಕೇರಳ, ತಮಿಳುನಾಡಿನಲ್ಲೂ ಒಟ್ಟಿಗೆ ನಡೆಯಿತು. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ, ಬೇರೆ ಬೇರೆ ದಿನ ಎಣಿಸಿದರೆ ಒಂದೇ ಆನೆ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ.

ಮೊದಲ ದಿನ ಒಂದು ಬ್ಲಾಕ್, ಅಂದರೆ ಕಾಡಿನ ಒಂದು ತುಂಡು, ಪೂರ್ತಿ ತಿರುಗಿ ಕಂಡ ಆನೆ ಎಣಿಸುವುದು. ದಿನಕ್ಕೆ ಹದಿನೈದು ಕಿ.ಮೀ. ನಡಿಗೆ ಆಗಬಹುದು, ಅದೂ ಮೇ ಬಿಸಿಲಿನಲ್ಲಿ. ಮೂರು ದಿನದಲ್ಲಿ ಕಷ್ಟದ್ದು ಇದೇ. ಎರಡನೇ ದಿನ ಲದ್ದಿ. 2 ಕಿ.ಮೀ. ಗೆರೆಯ ಮೇಲೆ ನಡೆದು, ಎರಡೂ ಕಡೆ ಕಂಡ ಲದ್ದಿಗೆ ಟೇಪ್ ಹಿಡಿದು ಗೆರೆಯಿಂದ ಎಷ್ಟು ದೂರ ಅಂತ ಅಳೆಯುವುದು. ಒಂದು ಆನೆ ದಿನಕ್ಕೆ ಸುಮಾರು 16 ಸಲ ಲದ್ದಿ ಹಾಕುತ್ತದೆ ಅಂತ ಇಟ್ಟುಕೊಂಡು, ಲದ್ದಿ ಮಣ್ಣಾಗಲು ಎಷ್ಟು ದಿನ ಬೇಕು ಅನ್ನುವುದನ್ನು ಸೇರಿಸಿದರೆ, ಆ ಕಾಡಿನಲ್ಲಿ ಆನೆ ಎಷ್ಟು ಅಂತ ಅಂದಾಜು ಬರುತ್ತದೆ. ಕೇಳಿದವರು ಮೂಗು ಮುಚ್ಚುತ್ತಾರೆ. ಒಣಗಿದ ಆನೆ ಲದ್ದಿಗೆ ವಾಸನೆಯೇ ಇಲ್ಲ, ಹುಲ್ಲು ನಾರಿನ ಉಂಡೆ ಅದು. ಮೂರನೇ ದಿನ ಕೆರೆ ಅಥವಾ ಹಳ್ಳದ ಹತ್ತಿರ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಕೂರುವುದು. ಬಂದ ಆನೆ ಗಂಡೋ, ಹೆಣ್ಣೋ, ಮರಿಯೋ, ದಂತವಿಲ್ಲದ ಗಂಡು ಮಖನಾನೋ ಅಂತ ಬರೆಯುವುದು.

ಆ ಮೂರನೇ ದಿನಕ್ಕೆ ಎಲ್ಲರೂ ಆಸೆ ಪಡುತ್ತಾರೆ. ಹಿಂದಿನ ರಾತ್ರಿ ಮಳೆ ಬಂದರೆ ಮುಗಿಯಿತು, ಕಾಡಿನ ಗುಂಡಿ ಗುಂಡಿಗಳಲ್ಲೂ ನೀರು, ಆನೆ ನಿಮ್ಮ ಕೆರೆಗೆ ಏಕೆ ಬರಬೇಕು? ಹನ್ನೆರಡು ಗಂಟೆ ಅಟ್ಟಣೆಯ ಮೇಲೆ ಕೂತು ಒಂದು ನವಿಲು ಬರೆದುಕೊಂಡು ಬಂದವರನ್ನು ಕಂಡಿದ್ದೇನೆ. ಅದರಲ್ಲಿ ನಾನೂ ಒಬ್ಬ.

2023ರ ಎಣಿಕೆಯಲ್ಲಿ ಕರ್ನಾಟಕಕ್ಕೆ 6,395 ಆನೆ ಅಂತ ಬಂತು. 2025ರಲ್ಲಿ ಹೊರಬಂದ ರಾಷ್ಟ್ರೀಯ ಅಂದಾಜಿನಲ್ಲಿ 6,013. ನಡುವೆ ನಾನೂರು ಆನೆ ಸತ್ತವಾ ಅಂತ ನನ್ನನ್ನು ಕೇಳಿದವರಿದ್ದಾರೆ. ಎರಡನೆಯದು ಲದ್ದಿಯ ಡಿಎನ್ಎ ನೋಡಿ ಮಾಡಿದ ಲೆಕ್ಕ. ಅಳೆಯುವ ಕೋಲೇ ಬೇರೆ, ಎರಡನ್ನೂ ಪಕ್ಕಪಕ್ಕ ಇಟ್ಟು ಕಳೆಯುವ ಹಾಗಿಲ್ಲ. ಎರಡರಲ್ಲೂ ಕರ್ನಾಟಕ ಆನೆಯಲ್ಲಿ ಮುಂದೆ ಇದೆ ಅನ್ನುವುದು ಮಾತ್ರ ಹಾಗೇ ಉಳಿದಿದೆ.

ಕಡಲಾಮೆ: ರಾತ್ರಿ ಎಚ್ಚರ ಇರುವವರಿಗೆ

ನಿಶಾಚರ ಸ್ವಭಾವದವರು, ಬೆಳಿಗ್ಗೆ ಐದಕ್ಕೆ ಏಳಲಾರದವರು ಇತ್ತ ನೋಡಿ. ಚೆನ್ನೈನಲ್ಲಿ ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಶನ್ ನೆಟ್‌ವರ್ಕ್ ಅನ್ನುವ ವಿದ್ಯಾರ್ಥಿಗಳ ತಂಡ 1988ರಿಂದ ಈ ಕೆಲಸ ಮಾಡುತ್ತಿದೆ. ಜನವರಿಯಿಂದ ಏಪ್ರಿಲ್‌ವರೆಗೆ ರಾತ್ರಿ ನೀಲಾಂಕರೈ ಕಡೆಯಿಂದ ಬೆಸೆಂಟ್ ನಗರದವರೆಗೆ ಮರಳಿನ ಮೇಲೆ ನಡೆಯುತ್ತಾರೆ. ಆಲಿವ್ ರಿಡ್ಲಿ ಆಮೆ ದಡಕ್ಕೆ ಬಂದು ಒಂದೂವರೆ ಅಡಿ ಗುಂಡಿ ತೋಡಿ ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೋಗುತ್ತದೆ. ಹೋದ ಗುರುತು ಸಣ್ಣ ಟ್ರ್ಯಾಕ್ಟರ್ ಹಾದ ಹಾಗೆ ಕಾಣುತ್ತದೆ. ಆ ಜಾಡು ಹಿಡಿದು ಗೂಡು ಹುಡುಕಿ, ಮೊಟ್ಟೆ ತೆಗೆದು, ಬೇಲಿ ಹಾಕಿದ ಜಾಗದಲ್ಲಿ ಅಷ್ಟೇ ಆಳದ ಗುಂಡಿಯಲ್ಲಿ ಮತ್ತೆ ಹೂಳಬೇಕು. ಸುಮಾರು 45ರಿಂದ 60 ದಿನಕ್ಕೆ ಮರಿ ಬರುತ್ತವೆ.

ಇಲ್ಲಿ ಕೈ ಹದ ಬೇಕು. ಮೊಟ್ಟೆಯನ್ನು ಇಟ್ಟ ಕೆಲವೇ ಗಂಟೆಯೊಳಗೆ ಸಾಗಿಸಬೇಕು, ಉರುಳಿಸಬಾರದು. ಒಳಗಿನ ಭ್ರೂಣ ಚಿಪ್ಪಿಗೆ ಅಂಟಿಕೊಂಡ ಮೇಲೆ ಮಗುಚಿದರೆ ಸತ್ತುಹೋಗುತ್ತದೆ. ಮರಳು ಬಿಸಿ ಜಾಸ್ತಿಯಾದರೆ ಹೆಣ್ಣು ಮರಿ ಜಾಸ್ತಿ, ತಂಪಾದರೆ ಗಂಡು. ಮೊಬೈಲ್ ಟಾರ್ಚ್ ಹಾಕಿದರೆ ಮೊದಲು ಬೈಸಿಕೊಳ್ಳುತ್ತೀರಿ. ಮರಿಗಳು ಬೆಳಕಿನ ಕಡೆ ಹೋಗುತ್ತವೆ. ರಸ್ತೆ ದೀಪವನ್ನು ಸಮುದ್ರದ ಹೊಳಪು ಅಂದುಕೊಂಡು ಊರೊಳಗೆ ನಡೆದು ಸಾಯುತ್ತವೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಬದುಕಿರುವ ಆಮೆಗಿಂತ ಸತ್ತ ಆಮೆಯನ್ನೇ ಮೊದಲು ನೋಡುವ ಸಾಧ್ಯತೆ ಹೆಚ್ಚು. ಟ್ರಾಲರ್ ಬಲೆಯಲ್ಲಿ ಸಿಕ್ಕಿ ಉಸಿರುಗಟ್ಟಿದವು. 2025ರ ಜನವರಿಯಲ್ಲಿ ಚೆನ್ನೈ ದಡಕ್ಕೆ ನೂರಾರು ಸತ್ತ ಆಮೆ ತೇಲಿ ಬಂದವು. ಅವನ್ನೂ ಅಳೆದು ಬರೆಯಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಯೋಚಿಸಿ.

ನಮ್ಮ ಕರಾವಳಿಯಲ್ಲೂ ಆಮೆ ಬರುತ್ತವೆ. ಕಾರವಾರ, ಹೊನ್ನಾವರ, ಕುಂದಾಪುರ, 2024ರಲ್ಲಿ ಮಂಗಳೂರಿನ ಸಸಿಹಿತ್ಲು, ತಣ್ಣೀರುಬಾವಿ. ಆದರೆ ಗೂಡುಗಳು ಚದುರಿ ಬೀಳುತ್ತವೆ. ಮೊದಲು ನೋಡುವವರು ಮೀನುಗಾರರು, ಆಮೇಲೆ ಅರಣ್ಯ ಇಲಾಖೆ. ಹೊರಗಿನವರಿಗೆ ಚೆನ್ನೈನ ಹಾಗೆ ವಾರಾಂತ್ಯದ ನಡಿಗೆಯ ಏರ್ಪಾಡು ಇಲ್ಲಿ ಅಷ್ಟಾಗಿ ಬೆಳೆದಿಲ್ಲ. ಕರಾವಳಿಯವರೇ ಆಗಿದ್ದರೆ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಮಾತಾಡಿ, ಗೂಡು ಕಾಯಲು ಜನ ಬೇಕೇ ಬೇಕು.

ಕೆರೆ ಹಕ್ಕಿ ಎಣಿಕೆ

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹತ್ತಿರ. ಹಾಗಾಗಿಯೇ ಯಾರೂ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ನಿಮ್ಮೂರ ಕೆರೆ, ಒಂದು ದುರ್ಬೀನು, ಒಂದು ನೋಟ್‌ಬುಕ್, ಒಂದು ಬೆಳಿಗ್ಗೆ ಸಾಕು. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇನ್ನೂ ಸುಲಭ. ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿಗಳನ್ನೆಲ್ಲ ಹಕ್ಕಿ ಪಟ್ಟಿ ದಾಖಲಿಸುವ ಆ್ಯಪ್ ಈ-ಬರ್ಡ್‌ನಲ್ಲಿ ಹಾಕಿದರೆ ಆಯಿತು, ಮನೆ ತಾರಸಿಯಾದರೂ ನಡೆಯುತ್ತದೆ. ಮೈಸೂರಿನಲ್ಲಿ 2014ರಲ್ಲಿ ಹಕ್ಕಿ ಅಟ್ಲಾಸ್, ಅಂದರೆ ಯಾವ ಹಕ್ಕಿ ಎಲ್ಲಿದೆ ಅನ್ನುವ ನಕ್ಷೆಯ ಕೆಲಸ ಶುರುವಾದಾಗ ಊರನ್ನು ಚೌಕ ಚೌಕ ಮಾಡಿ, ಒಂದೊಂದು ಚೌಕಕ್ಕೂ ಜನ ಹೋಗಿ ಎಣಿಸಿದರು. ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ಇಡೀ ರಾಜ್ಯಕ್ಕೇ ಅಂಥ ಅಟ್ಲಾಸ್ ಮಾಡಿದರು. ಎಲ್ಲರೂ ಹಕ್ಕಿ ವಿಜ್ಞಾನಿಗಳಲ್ಲ, ಅಲ್ವಾ.

ಎಣಿಸುವುದಕ್ಕೂ ಒಂದು ಕೈಚಳಕ ಇದೆ. ಕೆರೆಯ ಮೇಲೆ ಎರಡು ಸಾವಿರ ನಾಮದ ಕೋಳಿ ಇದ್ದರೆ ಒಂದೊಂದಾಗಿ ಎಣಿಸಲಾಗದು. ಮೊದಲು ಹತ್ತು ಎಣಿಸಿ. ಆ ಹತ್ತು ದುರ್ಬೀನಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ ನೋಡಿಕೊಳ್ಳಿ. ಹಾಗೆ ಹತ್ತು ಸಲ ಸರಿಸಿ, ನೂರಾಯಿತು. ಆಮೇಲೆ ನೂರರ ಲೆಕ್ಕದಲ್ಲಿ ಸರಿಸುತ್ತಾ ಹೋಗಿ. ಗುಳುಮುಳುಕನ ವಿಷಯದಲ್ಲಿ ಇದು ನಡೆಯುವುದಿಲ್ಲ, ಎಣಿಸುತ್ತಿರುವಾಗಲೇ ಮುಳುಗಿ ಬೇರೆ ಕಡೆ ಏಳುತ್ತದೆ.

ನಂಜನಗೂಡು ಕಡೆಯ ಹದಿನಾರು ಅನ್ನುವ ಊರಿನ ಕೆರೆಯಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಇಳಿಯುತ್ತವೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಅಲ್ಲಿ ಕಂಡಿವೆ. ಪಟ್ಟಿಯ ಮೇಲಿನ ನಂಬರ್ ಓದಿ ಬರೆದು ಕಳಿಸಿದವರು ನಮ್ಮ ನಿಮ್ಮಂಥ ಹವ್ಯಾಸಿಗಳೇ. ಕೆರೆ ಏರಿಯ ಮೇಲೆ ನಿಂತು, ಕೈಯಲ್ಲಿ ಬನ್ನು, ಪಕ್ಕದಲ್ಲಿ ಎಮ್ಮೆ ಮೇಯಿಸುವ ಹುಡುಗ "ಏನ್ ಸಾರ್ ನೋಡ್ತಿದ್ದೀರಾ" ಅಂತ ಕೇಳುತ್ತಿರುವಾಗ, ಹಿಮಾಲಯ ದಾಟಿ ಬಂದ ಹಕ್ಕಿಯ ವಿಳಾಸ ಓದುವುದು. ಹುಲಿ ಗಣತಿಯಲ್ಲಿ ನನಗೆ ಈ ಥರದ್ದು ಸಿಕ್ಕಿಲ್ಲ.

ಮೊದಲ ಸಲ ಹೊರಟವರಿಗೆ, ಚಿಕ್ಕ ಮಕ್ಕಳಿರುವವರಿಗೆ, ಮಂಡಿ ನೋವಿರುವವರಿಗೆ ನಾನು ಹೇಳುವುದು ಇದನ್ನೇ. ಖಾಲಿ ಹೊತ್ತು ಇದರಲ್ಲಿ ಕಡಿಮೆ. ಜನವರಿ ಕೆರೆಯಲ್ಲಿ ಏನಾದರೂ ಇದ್ದೇ ಇರುತ್ತದೆ.

ದುಡ್ಡು ಕೊಟ್ಟು ಹೋಗುವವು

ಆಗುಂಬೆಯಲ್ಲಿ ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಶುರುಮಾಡಿದ ಮಳೆಕಾಡು ಸಂಶೋಧನಾ ಕೇಂದ್ರ ಕಾಳಿಂಗ ಸರ್ಪದ ಕೆಲಸಕ್ಕೆ ಹೆಸರಾದದ್ದು. ಹಾವಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಹಾಕಿ ಅದರ ಹಿಂದೆ ದಿನವಿಡೀ ನಡೆದವರು ಅಲ್ಲಿದ್ದಾರೆ. ವಿದೇಶದಲ್ಲಿ 1971ರಿಂದ ಇರುವ ಅರ್ಥ್‌ವಾಚ್‌ನಂಥ ಸಂಸ್ಥೆಗಳು ಸ್ವಯಂಸೇವಕರ ದುಡ್ಡಿನಿಂದಲೇ ಸಂಶೋಧನೆಗೆ ಒಂದಿಷ್ಟು ಹಣ ಹೊಂದಿಸುತ್ತವೆ. ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ಕಾಲೇಜು ಅರ್ಜಿಗೆ ಸೇರಿಸಲು ಇಂಥವಕ್ಕೆ ಹೋಗುವುದುಂಟು. ದುಡ್ಡು ಕೇಳಿದರು ಅಂದ ಮಾತ್ರಕ್ಕೆ ಮೋಸ ಅಂತಲ್ಲ. ಊಟ, ಜೀಪು, ತರಬೇತಿ ಕೊಡುವವರ ಸಂಬಳ, ಎಲ್ಲಕ್ಕೂ ಖರ್ಚಿದೆ.

ಆದರೆ ನಾನೊಮ್ಮೆ ಚೆನ್ನಾಗಿ ಟೋಪಿ ಹಾಕಿಸಿಕೊಂಡಿದ್ದೇನೆ. ಹೆಸರು ಬೇಡ. 'ಸಂಶೋಧನಾ ಶಿಬಿರ' ಅಂತ ಐದು ದಿನಕ್ಕೆ ದುಡ್ಡು ಕಟ್ಟಿ ಹೋದೆ. ದಿನಾ ಎರಡು ಸಫಾರಿ, ಕೈಗೊಂದು ಫಾರಂ. ಜಿಂಕೆ ಕಂಡರೆ ಬರೆಯಿರಿ ಅಂದರು, ದೂರ ಅಳೆಯಲು ಏನೂ ಇಲ್ಲ. ಮೂರನೇ ದಿನ ಸಂಜೆ ಪಕೋಡ ಕಟ್ಟಿಕೊಟ್ಟ ಕಾಗದ ಎಣ್ಣೆಗೆ ಪಾರದರ್ಶಕವಾಗಿ, ಅದರ ಮೇಲೆ ನನ್ನದೇ ಅಕ್ಷರ ಕಂಡಿತು: 'ಚುಕ್ಕೆ ಜಿಂಕೆ 14, ಸಮಯ 7.20'. ಪಕೋಡ ಮಾತ್ರ ಚೆನ್ನಾಗಿತ್ತು.

ಆದ್ದರಿಂದ ದುಡ್ಡು ಕಟ್ಟುವ ಮೊದಲು ನಾಲ್ಕು ವಿಷಯ ಫೋನ್ ಮಾಡಿ ಕೇಳಿ. ಸಂಶೋಧನೆ ನಡೆಸುತ್ತಿರುವವರು ಯಾರು, ಅವರು ಆ ದಿನಗಳಲ್ಲಿ ಅಲ್ಲಿರುತ್ತಾರಾ? ಅರಣ್ಯ ಇಲಾಖೆಯ ಅನುಮತಿ ಯಾರ ಹೆಸರಲ್ಲಿದೆ? ಹೋದ ವರ್ಷದ ಮಾಹಿತಿಯಿಂದ ಏನಾಯಿತು, ವರದಿ ಕಳಿಸುತ್ತೀರಾ? ನಾನು ಬರದಿದ್ದರೆ ಈ ಕೆಲಸ ಯಾರು ಮಾಡುತ್ತಿದ್ದರು? ಕೊನೆಯ ಪ್ರಶ್ನೆಗೆ ತಡವರಿಸಿದರೆ ಅದು ಪ್ರವಾಸ, ಪ್ರವಾಸ ಅಂದುಕೊಂಡೇ ಹೋಗಿ. ಸಿಂಹದ ಮರಿ ಎತ್ತಿಕೊಳ್ಳಬಹುದು, ಹಾವಿನ ಜೊತೆ ಸೆಲ್ಫಿ ತೆಗೆದುಕೊಳ್ಳಬಹುದು ಅಂತ ಫೋಟೋ ಹಾಕಿರುವ ಕಡೆಗಂತೂ ಕಾಲಿಡಬೇಡಿ. ಕಾಡುಪ್ರಾಣಿಯ ಸಂಶೋಧನೆ ಮಾಡುವವರು ಹೊರಗಿನವರ ಕೈಗೆ ಮರಿ ಕೊಡುವುದಿಲ್ಲ.

ಎಲ್ಲಿಗೂ ಹೋಗಲಾಗದವರಿಗೂ ಕೆಲಸ ಇದೆ. ಝೂನಿವರ್ಸ್ ಅನ್ನುವ ಅಂತರ್ಜಾಲ ತಾಣದಲ್ಲಿ ಆಫ್ರಿಕಾದ ಸೆರೆಂಗೆಟಿಯಂಥ ಕಡೆಯ ಕ್ಯಾಮೆರಾ ಟ್ರ್ಯಾಪ್ ಚಿತ್ರ ನೋಡಿ ಯಾವ ಪ್ರಾಣಿ ಅಂತ ಗುರುತಿಸಬಹುದು. ಸಾಲು ಸಾಲು ಚಿತ್ರದಲ್ಲಿ ಗಾಳಿಗೆ ಅಲ್ಲಾಡಿದ ಹುಲ್ಲು ಮಾತ್ರ. ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ನಿಮ್ಮ ಉತ್ತರ ಏನು ಅಂತ ಮನೆಯಲ್ಲೇ ಕೂತು ಪರೀಕ್ಷೆ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯದಿಲ್ಲ.

ಉಣುಗು, ಇಂಬಳ, ಬಾಂಡ್ ಕಾಗದ

ಹುಲಿ, ಆನೆಗೆ ಹೆದರಿ ಪ್ರಶ್ನೆ ಕೇಳುವವರು ಸಾವಿರ ಜನ. ಉಣುಗಿನ ಬಗ್ಗೆ ಕೇಳುವವರು ಇಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡದ್ದು. ಅದು ಹರಡುವುದು ಉಣುಗಿನಿಂದ. ಡಿಸೆಂಬರ್‌ನಿಂದ ಮೇ ವರೆಗೆ ಜಾಸ್ತಿ, ಅಂದರೆ ಈ ಸಮೀಕ್ಷೆಗಳ ಕಾಲವೇ. ಮಲೆನಾಡಿಗೆ ಮಾತ್ರ ಅಂತಲೂ ಇಲ್ಲ, 2012ರಲ್ಲಿ ಬಂಡೀಪುರದಲ್ಲೂ ಕಂಡಿತ್ತು. ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಮಲೆನಾಡಿನಲ್ಲಿ ಆರೋಗ್ಯ ಇಲಾಖೆ ಕೊಡುವ, ಉಣುಗು ದೂರ ಇಡುವ ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ಒಣ ಎಲೆಯ ಮೇಲೆ ಕೂರಬೇಡಿ. ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ, ಕಂಕುಳು ತೊಡೆಸಂದಿ ಎಲ್ಲ ನೋಡಿಕೊಳ್ಳಿ. ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಅಂತ ಮೊದಲು ಹೇಳಿ.

ಇಂಬಳ ಮಳೆಗಾಲದ ಆಗುಂಬೆ ಕಡೆ ಹೋಗುವವರಿಗೆ. ಕಚ್ಚಿದರೆ ನೋವಿಲ್ಲ, ರಕ್ತ ಮಾತ್ರ ನಿಲ್ಲುವುದಿಲ್ಲ. ಲೀಚ್ ಸಾಕ್ಸ್ ತೆಗೆದುಕೊಳ್ಳಿ. ಊರವರು ನಶ್ಯ, ಸುಣ್ಣ ಹಚ್ಚುತ್ತಾರೆ, ಅದೂ ಕೆಲಸ ಮಾಡುತ್ತದೆ.

ಕಾಡಿನ ಒಳಗಿನ ಗಣತಿಗೆ ಹೋಗುವವರಿಂದ 'ಏನಾದರೂ ಆದರೆ ನಾವು ಹೊಣೆಯಲ್ಲ' ಅನ್ನುವ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ರೂಢಿ. ಓದಿ ಸಹಿ ಹಾಕಿ, ಮನೆಯವರಿಗೂ ತೋರಿಸಿ. ವಿಮೆ ನಿಮ್ಮದೇ ಇದ್ದರೆ ಒಳ್ಳೆಯದು. ಒಳಗೆ ತೆಗೆದ ಫೋಟೋವನ್ನು ಜಾಗದ ಗುರುತಿನ ಸಮೇತ ಇನ್‌ಸ್ಟಾಗ್ರಾಂಗೆ ಹಾಕಿದರೆ ಕಳ್ಳಬೇಟೆಯವರಿಗೆ ದಾರಿ ತೋರಿಸಿದ ಹಾಗೆ.

ಇಷ್ಟನ್ನೂ ಅಕ್ಕನ ಮಗಳಿಗೆ ಹೇಳುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. "ಆಯ್ತು ಮಾಮ, ಯೋಚನೆ ಮಾಡ್ತೀನಿ" ಅಂತ ಇಟ್ಟಳು. ಮೊನ್ನೆ ಮತ್ತೆ ಫೋನ್ ಬಂತು. ಜನವರಿಯ ಕೆರೆ ಎಣಿಕೆಗೆ ಹೆಸರು ಕೊಟ್ಟಿದ್ದಾಳಂತೆ, ಮೇ ತಿಂಗಳಲ್ಲಿ ಆನೆ ಗಣತಿಗೆ ಕರೆದರೆ ಅದಕ್ಕೂ ಹೋಗುತ್ತಾಳಂತೆ. ನನ್ನ ಹಳೇ ದುರ್ಬೀನು ಕೇಳಿದಳು. ಕೊಟ್ಟಿದ್ದೇನೆ. ಬಲಗಡೆಯ ಗಾಜು ಸ್ವಲ್ಪ ಮಸುಕು, ಕೊರಳ ಪಟ್ಟಿ ಸಡಿಲ. ನೀರಿನ ಮೇಲೆ ಬಗ್ಗಬೇಡ ಅಂತ ಹೇಳಿದ್ದೇನೆ.